ಮೊದಲ ಇಪ್ಪತ್ತು ನಿಮಿಷ

ಸಾಗರದಲ್ಲಿ, ಸೊರಬ ರಸ್ತೆಯ ಬಯಲಿನಲ್ಲಿ
ದೀಪಾವಳಿ ಕಳೆದ ವಾರ ಗೂಟ ಹೊಡೆಯುತ್ತಿದ್ದರು.
ಮೊದಲ ದೊಡ್ಡ ಮಳೆಗೆ ಮುಂಚೆ
ಟೆಂಟು ಮಡಚಿ ಲಾರಿಗೆ.

ಗೇಟಿನಲ್ಲಿ ಬೂದ್ಯಪ್ಪ.
ಕಂಕುಳಲ್ಲಿ ಟಾರ್ಚು. ಹೆಬ್ಬೆಟ್ಟಿನ ಉಗುರು ಉದ್ದ ಬಿಟ್ಟಿದ್ದ,
ಟಿಕೆಟ್ಟು ಸರೀ ಅರ್ಧಕ್ಕೆ ಹರಿಯಲೆಂದು.

ನಾನು ಹಗ್ಗದ ಈಚೆ,
ಮೊಣಕೈಗೆ ಅಪ್ಪನ ಪಂಕ್ಚರ್ ಅಂಗಡಿಯ ಗ್ರೀಸು,
ಮುಷ್ಟಿಯೊಳಗೆ ಏನೂ ಇಲ್ಲ.
ಮೂರು ಸಂಜೆ ನೋಡಿದ. ನಾಲ್ಕನೆಯ ಸಂಜೆ,
"ಹೋಗು ಒಳಗೆ. ಆದರೆ ಇಂಟರ್‌ವಲ್ಲಿಗೆ ಬಂದು
ಮೊದಲಿಂದ ಹೇಳಬೇಕು ನಂಗೆ."

ತಡವಾಗಿ ಬಂದವರಿಗೆ ಬೆಳಕು ಹಿಡಿದು,
ಹರಿದ ಅರ್ಧಗಳನ್ನು ತಂತಿಗೆ ಪೋಣಿಸಿ,
ಮ್ಯಾನೇಜರಿಗೆ ಲೆಕ್ಕ ಒಪ್ಪಿಸುವಷ್ಟರಲ್ಲಿ
ಇಪ್ಪತ್ತು ನಿಮಿಷ.
ಹನ್ನೊಂದು ವರ್ಷದಲ್ಲಿ ಒಂದು ಸಿನಿಮಾದ ತಲೆಯನ್ನೂ
ಕಂಡವನಲ್ಲ ಆತ.
ಹೊಟ್ಟೆ, ಬೆನ್ನು, ಬಾಲ ಎಲ್ಲ ಗೊತ್ತು.
ಯಾರಿಗೆ ಯಾರ ಮೇಲೆ ಯಾಕೆ ಹಗೆ
ಅನ್ನುವುದು ಮಾತ್ರ ಪ್ರತಿಸಲ ಅಂದಾಜು.

ಮೊದಲ ದಿನ ಓಡಿಬಂದು ಒಪ್ಪಿಸಿದೆ:
ಒಬ್ಬ ಅಣ್ಣ, ಒಬ್ಬ ತಮ್ಮ, ಜಾತ್ರೆಯಲ್ಲಿ ತಮ್ಮ ತಪ್ಪಿಸಿಕೊಂಡು...
"ಅದು ಕತೆ ಮಾರಾಯ್ತಿ. ಗೋಡೆಗೆ ಅಂಟಿಸಿದ ಕಾಗದದಲ್ಲೇ ಉಂಟು.
ನೀನು ಎಂತ ಕಂಡೆ?"

ಎಂತ ಕಂಡೆ?
ಆ ರಾತ್ರಿ ಗೋಣಿಯ ಮೇಲೆ ಮಲಗಿ ಹುಡುಕಿದೆ.
ಅಳು ನೆನಪಿತ್ತು. ಅತ್ತವಳ ಕೈ ಎಲ್ಲಿತ್ತು,
ನೆನಪಿಲ್ಲ.

ಮರುವಾರ ಬೇರೆ ಸಿನಿಮಾ.
ನೆಲದ ಮರಳಲ್ಲಿ ಕಾಲು ಹುಗಿದು ಕಣ್ಣು ಮಿಟುಕಿಸದೆ ಕೂತೆ.
"ಅವಳು ಬಾಗಿಲು ತೆಗೆದಳು. ಕೈಗೆ ಹಿಟ್ಟು ಮೆತ್ತಿತ್ತು.
ಅವನು ಕೂರಲಿಲ್ಲ. ಹೊಸಿಲು ದಾಟಿ ಹೋದ ಮೇಲೂ
ಚಿಲಕ ಆಡ್ತಾನೇ ಇತ್ತು, ತುಂಬ ಹೊತ್ತು."
ಬೀಡಿ ಆರಿದ್ದೂ ತಿಳಿಯದೆ ಬೂದ್ಯಪ್ಪ ಕಣ್ಣು ಮುಚ್ಚಿದ.
"ಹಂಗಾದ್ರೆ ಅವನು ತಿರುಗಿ ಬರೂದಿಲ್ಲ."
ಬರಲಿಲ್ಲ. ಕೊನೆಯ ರೀಲಿನವರೆಗೂ.
ಕತೆ ಗೊತ್ತಿಲ್ಲದೆ ಇವನಿಗೆ ಹೇಗೆ ತಿಳಿಯಿತು?
ನನಗೆ ಭಯವಾಯಿತು, ಆಮೇಲೆ ಖುಷಿಯಾಯಿತು.

ಒಮ್ಮೆ ಜ್ವರ. ಪರದೆಯ ಮುಂದೆಯೇ ನಿದ್ದೆ ಹೋದೆ.
ಕರಾರು ಕರಾರೇ. ಹಾಗಾಗಿ ಒಂದು ಬಾವಿ ಕಟ್ಟಿದೆ,
ರಾಟೆಗೆ ಕೆಂಪು ಹಗ್ಗ, ಕಟ್ಟೆಯ ಮೇಲೆ ಲಾಟೀನು,
ಪಕ್ಕದಲ್ಲಿ ಯಾರೋ ಬಿಟ್ಟುಹೋದ ಒಂಟಿ ಬಳೆ.
ತಲೆದೂಗಿ ಒಳಗೆ ಹೋದ.
ಆಟ ಬಿಟ್ಟ ಮೇಲೆ ಎದುರಿಗೆ ನಿಂತ,
ಟಾರ್ಚು ಆರಿಸಿ.
"ಬಾವಿ ಎಲ್ಲಿ? ಕಡೇ ತನಕ ಕಾದೆ."

ನಾನು ನೆಲ ನೋಡಿದೆ.
ಅವನು ಕಡಲೆಯವಳ ಹತ್ತಿರ ಎರಡು ಪೊಟ್ಟಣ ತಂದ,
ಒಂದು ನನ್ನ ಕೈಗಿಟ್ಟ.
"ಬಾವಿ ಚೆಂದ ಇತ್ತು, ತಂಗಿ.
ಆದರೆ ತೋಡಿದ ಮೇಲೆ ಯಾರಾದ್ರೂ ನೀರು ಸೇದ್‌ಬೇಕಲ್ಲ."

ಮುಂದೆ ನನ್ನನ್ನು ಎಷ್ಟೋ ಜನ ತಿದ್ದಿದ್ದಾರೆ,
ಕುರ್ಚಿ ಹಾಕಿಕೊಂಡು, ಹಣೆ ಗಂಟಿಕ್ಕಿಕೊಂಡು.
ಆ ಕಡಲೆಯ ಬಿಸಿ ಯಾರ ಮಾತಿನಲ್ಲೂ ಇರಲಿಲ್ಲ.

ಐದನೆಯ ವರ್ಷ, ಗೂಟ ಕೀಳುವ ಹಿಂದಿನ ರಾತ್ರಿ,
ಟಾರ್ಚು ನಾನೇ ಕಸಿದುಕೊಂಡೆ.
"ಇವತ್ತು ನೀನು ಹೋಗು."
ಹೋದ. ಮಗುವಿನ ಹಾಗೆ, ಎಲ್ಲರಿಗಿಂತ ಮುಂದೆ,
ಪರದೆಗೆ ಮೂಗು ತಾಗುವಷ್ಟು ಹತ್ತಿರ.
ನಾನು ಹರಿದೆ, ಪೋಣಿಸಿದೆ, ಎಣಿಸಿದೆ.
ಮೂರು ಅರ್ಧ ಕಡಿಮೆ ಬಂದವು.
(ಅವನ ಸಂಬಳದಲ್ಲೇ ಮುರಿದರಂತೆ. ನನಗೆ ಹೇಳಲಿಲ್ಲ.)

ಇಂಟರ್‌ವಲ್ಲಿಗೆ ಬಂದ. ನಾನು ಕಾಯುತ್ತಿದ್ದೆ:
ಕೈ ಎಲ್ಲಿತ್ತು, ಚಿಲಕ ಆಡಿತೇ?
"ಹೆಸರುಗಳು!" ಅಂದ. "ಬರೀ ಹೆಸರು, ಸಾಲು ಸಾಲು.
ಇಷ್ಟು ವರ್ಷದಲ್ಲಿ ಒಂದು ಸಲನೂ ಹೇಳಲಿಲ್ಲ ನೀನು."
ಅಕ್ಷರ ಕೂಡಿಸಿ ಓದುವವನು. ಅವು ಓಡುವಂಥವು.
ಅಷ್ಟರಲ್ಲಿ ಅವನ ಕೈಗೆ ಸಿಕ್ಕಿದ್ದು ಒಂದೇ ಸಾಲು.

"ಬೆಳಕು ಹಿಡಿದವರ ಹೆಸರೂ
ಹಾಕ್ತಾರಲ್ಲ ತಂಗಿ."